ಒಂದೇ ಮೈ, ಎರಡು ದನಿ: ಬಣ್ಣ ಬದಲಿಸುವ ಮರಗಪ್ಪೆಯ ಗುರುತಿನ ಪ್ರಶ್ನೆ

ಮೇ ತಿಂಗಳು ಕಳೆದು ಸೆಖೆ ಶುರುವಾದ ಮೇಲೆ, ಮಳೆ ಬಿದ್ದು ನಿಂತ ರಾತ್ರಿ ಹಿತ್ತಿಲ ದೀಪ ಹಾಕಿದರೆ, ನ್ಯೂಜೆರ್ಸಿಯ ನಡುಭಾಗದಲ್ಲಿರುವ ನಮ್ಮ ಮನೆಯ ಗಾಜಿನ ಬಾಗಿಲಿನ ಹೊರಮೈಗೆ ಒಂದು ಕಪ್ಪೆ ಬಂದು ಅಂಟಿಕೊಳ್ಳುತ್ತದೆ. ದೀಪಕ್ಕೆ ಮುತ್ತುವ ಹುಳುಗಳಿಗಾಗಿ ಅದು ಬರುವುದು. ಒಳಗೆ ನಿಂತು ನೋಡಿದರೆ ಅದರ ಹೊಟ್ಟೆಯ ತರಿತರಿಯಾದ ಬಿಳಿ ಚರ್ಮ, ಮಿಡಿಯುವ ಗಂಟಲು, ಗಾಜಿಗೆ ಒತ್ತಿಕೊಂಡ ಬೆರಳ ತುದಿಯ ಗುಂಡು ಬಿಲ್ಲೆಗಳು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಮೇಲೇರಲೆಂದು ಅದು ಹಿಂಗಾಲು ಚಾಚಿದಾಗ ತೊಡೆಯ ಒಳಭಾಗದಲ್ಲಿ ಅರಿಸಿನ ಬಳಿದಂಥ ಹಳದಿ ಒಂದು ಕ್ಷಣ ಹೊಳೆದು ಮರೆಯಾಗುತ್ತದೆ. ಬೆಳಿಗ್ಗೆ ಅದೇ ಗಾತ್ರದ, ಬೆನ್ನ ಮೇಲೆ ಅದೇ ಆಕಾರದ ಮಚ್ಚೆಯಿರುವ ಕಪ್ಪೆ ಮರದ ಕಟಕಟೆಯ ಮೇಲೆ ಬೂದಿಯ ಬಣ್ಣದಲ್ಲಿ ಮುದುಡಿ ಕುಳಿತಿರುತ್ತದೆ. ಸಂಜೆ ಹೂಕುಂಡದ ಎಲೆಯ ಮೇಲೆ ಹಸಿರಾಗಿರುತ್ತದೆ. ಮಗಳು ಎರಡೂ ಹೊತ್ತಿನ ಫೋಟೊ ತೆಗೆದು ಫೋನಿನ ಆ್ಯಪ್‌ಗೆ ತೋರಿಸಿದಳು. ಅದು ಒಮ್ಮೆ ಒಂದು ಹೆಸರು ಹೇಳಿತು, ಇನ್ನೊಮ್ಮೆ ಇನ್ನೊಂದು.

ಆ್ಯಪ್ ತಪ್ಪಿತು ಎಂದು ಹೇಳಿ ಮುಗಿಸುವ ಸಂಗತಿ ಇದಲ್ಲ. ಈ ಕಪ್ಪೆಯ ಎಷ್ಟೇ ಒಳ್ಳೆಯ ಫೋಟೊ ಇದ್ದರೂ, ಅದನ್ನು ಎಷ್ಟೇ ದೊಡ್ಡ ತಜ್ಞರು ನೋಡಿದರೂ, ಅದು ಯಾವ ಪ್ರಭೇದ ಎಂದು ಫೋಟೊದಿಂದ ಮಾತ್ರ ಖಚಿತವಾಗಿ ಹೇಳಲು ಬರುವುದಿಲ್ಲ. ಉತ್ತರ ಅಮೆರಿಕದ ಪೂರ್ವಾರ್ಧದ ಕಾಡುಗಳಲ್ಲಿ ಗ್ರೇ ಟ್ರೀಫ್ರಾಗ್ ಎಂದು ಕರೆಯಿಸಿಕೊಳ್ಳುವ, ನಾವು ಬೂದು ಮರಗಪ್ಪೆ ಎನ್ನಬಹುದಾದ ಈ ಜೀವಿ ವಾಸ್ತವವಾಗಿ ಎರಡು ಪ್ರಭೇದ. ಒಂದು ಡ್ರೈಯೊಫೈಟಿಸ್ ವರ್ಸಿಕಲರ್, ಇನ್ನೊಂದು ಡ್ರೈಯೊಫೈಟಿಸ್ ಕ್ರೈಸೊಸೆಲಿಸ್. ಎರಡನೆಯದಕ್ಕೆ ಕೋಪ್ ಮರಗಪ್ಪೆ ಎಂಬ ಹೆಸರಿದೆ. 2016ರವರೆಗೆ ಇವೆರಡೂ ಹೈಲಾ ಎಂಬ ಕುಲದಲ್ಲಿದ್ದುದರಿಂದ ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಸಿಗುತ್ತದೆ. ವರ್ಸಿಕಲರ್ ಎಂದರೆ ಲ್ಯಾಟಿನ್‌ನಲ್ಲಿ ಬಣ್ಣ ಬದಲಿಸುವುದು, ಕ್ರೈಸೊಸೆಲಿಸ್ ಎಂದರೆ ಗ್ರೀಕ್‌ನಲ್ಲಿ ಚಿನ್ನದ ಕಾಲಿನದು. ಆದರೆ ಬಣ್ಣ ಬದಲಿಸುವ ಗುಣವೂ ಚಿನ್ನದ ಬಣ್ಣದ ತೊಡೆಯೂ ಎರಡಕ್ಕೂ ಸಮಾನವಾಗಿರುವುದರಿಂದ ಹೆಸರಿನ ಅರ್ಥ ಗುರುತಿಗೆ ನೆರವಾಗುವುದಿಲ್ಲ.

ಮೊದಲಿಗೆ ಕಣ್ಣಿನಿಂದ ಎಷ್ಟು ದೂರ ಹೋಗಬಹುದು ಎಂಬುದನ್ನು ನೋಡೋಣ. ಬೆಳೆದ ಕಪ್ಪೆ ಸುಮಾರು 3ರಿಂದ 5 ಸೆಂಟಿಮೀಟರ್ ಉದ್ದವಿರುತ್ತದೆ. ಚರ್ಮ ನಯವಾಗಿರದೆ ಸಣ್ಣ ಗಂಟುಗಳಿಂದ ತುಂಬಿರುತ್ತದೆ. ಬೆನ್ನ ಮೇಲೆ ಕಪ್ಪು ಅಂಚಿನ, ಗೊತ್ತಾದ ಆಕಾರವಿಲ್ಲದ ಒಂದು ಮಚ್ಚೆ ಇರುತ್ತದೆ. ಮೈ ಬಿಳಿಚಿಕೊಂಡಾಗ ಅದು ಕಾಣದೆಯೂ ಹೋಗಬಹುದು. ಯಾವ ಬಣ್ಣದಲ್ಲಿದ್ದರೂ ಸಾಮಾನ್ಯವಾಗಿ ಉಳಿಯುವ ಗುರುತುಗಳು ಎರಡು: ಕಣ್ಣಿನ ಕೆಳಗಿನ ತಿಳಿಬಣ್ಣದ ಚೌಕಾಕಾರದ ಕಲೆ, ಮತ್ತು ಹಿಂದೊಡೆಯ ಒಳಗಿನ ಹಳದಿ ಅಥವಾ ಕಿತ್ತಳೆ. ದಕ್ಷಿಣದ ಜೌಗು ಕಾಡುಗಳಲ್ಲಿ ಇದರಂತೆಯೇ ಕಾಣುವ, ಹಕ್ಕಿಯಂತೆ ಸಿಳ್ಳೆ ಹಾಕುವ ಬರ್ಡ್‌ವಾಯ್ಸ್ಡ್ ಮರಗಪ್ಪೆ ಇದೆ. ಅದರ ತೊಡೆಯ ಒಳಭಾಗ ತಿಳಿಹಸಿರು ಬಿಳುಪಾಗಿರುವುದರಿಂದ ಬೇರ್ಪಡಿಸಬಹುದು. ಬೂದು ಮರಗಪ್ಪೆಯ ಮರಿಗಳು ನೀರಿನಿಂದ ಹೊರಬಂದಾಗ ಎಳೆಯ ಹುಲ್ಲಿನಂತೆ ಅಚ್ಚ ಹಸಿರಾಗಿರುವುದರಿಂದ ಅಲ್ಲಿನ ಹಸಿರು ಮರಗಪ್ಪೆ ಎಂದು ತಿಳಿಯುವವರು ಬಹಳ. ಹಸಿರು ಮರಗಪ್ಪೆಗೆ ಸಾಮಾನ್ಯವಾಗಿ ದವಡೆಯಿಂದ ಪಕ್ಕೆಯ ಉದ್ದಕ್ಕೂ ಬಿಳಿ ಗೆರೆ ಇರುತ್ತದೆ, ಚರ್ಮ ನಯವಾಗಿರುತ್ತದೆ. ಇಷ್ಟು ತಿಳಿದಿದ್ದರೆ ಇದು ಬೂದು ಮರಗಪ್ಪೆಗಳ ಜೋಡಿಗೆ ಸೇರಿದ್ದು ಎಂದು ಧೈರ್ಯವಾಗಿ ಹೇಳಬಹುದು. ಜೋಡಿಯಲ್ಲಿ ಯಾವುದು ಎಂಬ ಪ್ರಶ್ನೆಗೆ ಕಣ್ಣು ಉತ್ತರಿಸುವುದಿಲ್ಲ. ಕೋಪ್ ಕಪ್ಪೆ ತುಸು ಚಿಕ್ಕದು, ಹೆಚ್ಚು ಹಸಿರು, ಚರ್ಮ ತುಸು ನಯ ಎಂದು ಕೆಲವು ಕೈಪಿಡಿಗಳು ಹೇಳುತ್ತವೆ. ಒಂದು ಪ್ರದೇಶದ ಸರಾಸರಿಯ ಮಟ್ಟಿಗೆ ಆ ಮಾತು ಹೊಂದಬಹುದು, ಕೈಯಲ್ಲಿರುವ ಒಂದು ಕಪ್ಪೆಗೆ ಹೊಂದುವುದಿಲ್ಲ.

ಬಣ್ಣವನ್ನು ಯಾಕೆ ನಂಬಬಾರದು ಎಂಬುದು ಬಣ್ಣ ಹುಟ್ಟುವ ಬಗೆಯನ್ನು ತಿಳಿದರೆ ಅರ್ಥವಾಗುತ್ತದೆ. ಕಪ್ಪೆಯ ಚರ್ಮದಲ್ಲಿ ವರ್ಣಕೋಶಗಳು ಮೂರು ಪದರಗಳಲ್ಲಿ ಜೋಡಣೆಯಾಗಿರುತ್ತವೆ. ಮೇಲಿನದು ಹಳದಿ ದ್ರವ್ಯವಿರುವ ಕೋಶಗಳ ಪದರ. ನಡುವಿನದರಲ್ಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಸೂಕ್ಷ್ಮ ಹರಳುಗಳಿರುತ್ತವೆ. ಇವು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ, ಆ ನೀಲಿ ಮೇಲಿನ ಹಳದಿಯನ್ನು ದಾಟಿ ಬರುವಾಗ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ಎಂದರೆ ಕಪ್ಪೆಯ ಹಸಿರು ಎಲೆಯ ಹಸಿರಿನಂತೆ ಒಂದೇ ದ್ರವ್ಯದಿಂದ ಬಂದುದಲ್ಲ. ಎಲ್ಲಕ್ಕಿಂತ ಕೆಳಗಿನದು ಕಪ್ಪು ಕಣಗಳಿರುವ ಕೋಶಗಳ ಪದರ. ಈ ಕೋಶಗಳಿಗೆ ನಡುವಿನ ಪದರವನ್ನು ಬಳಸಿ ಮೇಲಕ್ಕೆ ಚಾಚಿಕೊಂಡ ತೋಳುಗಳಿವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಒಂದು ಹಾರ್ಮೋನು ಕಪ್ಪು ಕಣಗಳನ್ನು ಆ ತೋಳುಗಳ ತುದಿಯವರೆಗೆ ಹರಡಿಸಿದರೆ ಮೈ ಕಪ್ಪಾಗುತ್ತದೆ; ಕಣಗಳು ಹಿಂದಕ್ಕೆ ಸರಿದು ಕೋಶದ ನಡುವೆ ಗುಡ್ಡೆಯಾದರೆ ಮೈ ತಿಳಿಯಾಗುತ್ತದೆ. ಇದು ರಕ್ತದ ಮೂಲಕ ಸಾಗುವ ಸಂದೇಶವಾದುದರಿಂದ ಬದಲಾವಣೆಗೆ ಹಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಬೇಕು. ಗೋಸುಂಬೆಯ ವೇಗವನ್ನು ಇದರಲ್ಲಿ ನಿರೀಕ್ಷಿಸಬಾರದು.

ಕುಳಿತ ಜಾಗದ ಬಣ್ಣಕ್ಕೆ ತಕ್ಕಂತೆ ಕಪ್ಪೆ ಬಣ್ಣ ಬದಲಿಸುತ್ತದೆ ಎಂಬ ಮಾತು ಅರ್ಧ ನಿಜ. ಹಿನ್ನೆಲೆ ಒಂದು ಕಾರಣ, ಆದರೆ ತಾಪಮಾನ, ಬೆಳಕು, ಗಾಳಿಯ ತೇವ ಇವೂ ಕಾರಣಗಳು. ಚಳಿ ಮತ್ತು ಕತ್ತಲಲ್ಲಿ ಅದು ಕಪ್ಪಾಗುವ ಕಡೆಗೆ, ಬಿಸಿಲು ಮತ್ತು ಸೆಖೆಯಲ್ಲಿ ತಿಳಿಯಾಗುವ ಕಡೆಗೆ ವಾಲುತ್ತದೆ. ಹೀಗಾಗಿ ಬಿಳಿ ಬಣ್ಣದ ಕಿಟಕಿ ಚೌಕಟ್ಟಿನ ಮೇಲೆ ಗಾಢ ಬೂದು ಬಣ್ಣದ ಕಪ್ಪೆ ಎದ್ದು ಕಾಣುವಂತೆ ಕುಳಿತಿರುವುದೂ ಉಂಟು. ಅದರ ನಿಜವಾದ ನೆಲೆಯಾದ ಓಕ್, ಮೇಪಲ್ ಮರಗಳ ಕಾಡಿನಲ್ಲಿ ನೋಡಿದರೆ ಮಾತ್ರ ಈ ಮೈಯ ಲೆಕ್ಕಾಚಾರ ತಿಳಿಯುತ್ತದೆ. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಜಾತಿಯ ಕಲ್ಲುಹೂವುಗಳು ಅಲ್ಲಿನ ತೊಗಟೆಯ ಮೇಲೆ ಬೂದು ಮತ್ತು ತಿಳಿಹಸಿರು ತೇಪೆಗಳಾಗಿ ಹಬ್ಬಿರುತ್ತವೆ. ಅವುಗಳ ನಡುವೆ ಕಾಲು ಮಡಚಿ, ಕಣ್ಣು ಅರೆಮುಚ್ಚಿ ಕುಳಿತ ಬೂದು ಮರಗಪ್ಪೆಯನ್ನು ಒಂದು ಅಡಿ ದೂರದಿಂದಲೂ ಕಂಡುಹಿಡಿಯುವುದು ಕಷ್ಟ. ಅಡಗಿರುವಾಗ ಮಡಿಕೆಯೊಳಗೆ ಮುಚ್ಚಿರುವ ತೊಡೆಯ ಹಳದಿ ನೆಗೆಯುವಾಗ ಮಾತ್ರ ಥಟ್ಟನೆ ಹೊಳೆಯುವುದರಿಂದ, ಹಿಂಬಾಲಿಸುವ ಹಕ್ಕಿ ಕ್ಷಣಕಾಲ ಗಲಿಬಿಲಿಗೊಂಡು ಗುರಿ ತಪ್ಪುತ್ತದೆ ಎಂಬುದು ಜೀವವಿಜ್ಞಾನಿಗಳು ಕೊಡುವ ವಿವರಣೆ.

ಕರ್ನಾಟಕದ ಓದುಗರಿಗೆ ಇದು ಪೂರ್ತಿ ಅಪರಿಚಿತವಲ್ಲ. ಮಳೆಗಾಲದಲ್ಲಿ ಬಚ್ಚಲುಮನೆಯ ಗೋಡೆಗೆ ಅಂಟಿ ಕೂರುವ ನಮ್ಮ ಸಾಮಾನ್ಯ ಮರಗಪ್ಪೆಯೂ ಹಗಲು ಬಿಳಿಚಿಕೊಂಡು ರಾತ್ರಿ ಕಂದಾಗುವುದನ್ನು ನೋಡಿದವರಿದ್ದಾರೆ. ಅದರ ಬೆರಳ ತುದಿಯಲ್ಲಿಯೂ ಇಂಥದೇ ಬಿಲ್ಲೆಗಳಿವೆ. ಆದರೆ ಅದು ಸೇರಿದ ಕುಟುಂಬವೇ ಬೇರೆ. ಅದು ನೀರಿನ ಮೇಲೆ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ, ಅಮೆರಿಕದ ಬೂದು ಮರಗಪ್ಪೆ ನೀರಿನ ಮೇಲೆ ತೇಲುವ ಸಣ್ಣ ಸಣ್ಣ ಗುಂಪುಗಳಾಗಿ ಮೊಟ್ಟೆಯಿಡುತ್ತದೆ. ಮರದ ಮೇಲಿನ ಬಾಳು ಎರಡು ಖಂಡಗಳ ಎರಡು ಕುಟುಂಬಗಳಿಗೆ ಒಂದೇ ಬಗೆಯ ಮೈಕಟ್ಟು ಕೊಟ್ಟಿದೆ.

ಈಗ ಎರಡು ಪ್ರಭೇದಗಳ ಪ್ರಶ್ನೆಗೆ ಬರೋಣ. 1825ರಲ್ಲಿ ಜಾನ್ ಲೆಕಾಂಟ್ ವರ್ಸಿಕಲರ್ ಎಂಬ ಹೆಸರು ಕೊಟ್ಟರು. 1880ರಲ್ಲಿ ಎಡ್ವರ್ಡ್ ಡ್ರಿಂಕರ್ ಕೋಪ್ ಟೆಕ್ಸಸ್‌ನ ಮಾದರಿಯ ಆಧಾರದ ಮೇಲೆ ಕ್ರೈಸೊಸೆಲಿಸ್ ಎಂಬ ಹೆಸರನ್ನು ಸೇರಿಸಿದರಾದರೂ, ನೋಡಲು ವ್ಯತ್ಯಾಸವಿಲ್ಲದ ಕಾರಣ ಬಹುಕಾಲ ಇಡೀ ಪೂರ್ವ ಅಮೆರಿಕದ ಬೂದು ಮರಗಪ್ಪೆಗಳನ್ನು ಒಂದೇ ಎಂದು ಎಣಿಸಲಾಗುತ್ತಿತ್ತು. ಕೆಲವು ಕೆರೆಗಳಲ್ಲಿ ಕೂಗು ನಿಧಾನ, ಕೆಲವುಗಳಲ್ಲಿ ವೇಗ ಎಂಬುದು ಕಿವಿಗೊಟ್ಟವರಿಗೆ ಗೊತ್ತಿತ್ತು. ಒಂದೇ ಪ್ರಭೇದದ ಎರಡು ಕೂಗಿನ ಬಳಗಗಳು ಎಂದು ಸಮಾಧಾನ ಹೇಳಿಕೊಳ್ಳಲಾಗಿತ್ತು. 1959ರಲ್ಲಿ ಕ್ಲಿಫರ್ಡ್ ಜಾನ್ಸನ್ ಟೆಕ್ಸಸ್‌ನ ಈ ಎರಡು ಬಳಗಗಳ ಕಪ್ಪೆಗಳನ್ನು ಕೂಡಿಸಿ ನೋಡಿದ ಪ್ರಯೋಗಗಳನ್ನು ಪ್ರಕಟಿಸಿ, ಅವು ವಂಶವಾಹಿಯ ಮಟ್ಟದಲ್ಲಿ ಒಂದಕ್ಕೊಂದು ಒಗ್ಗುವುದಿಲ್ಲ ಎಂದು ತೋರಿಸಿದರು. ಕಾರಣ ಬಯಲಾದದ್ದು 1970ರಲ್ಲಿ. ಆರನ್ ವಾಸರ್‌ಮನ್ ಕೋಶದೊಳಗೆ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳನ್ನು (ಕ್ರೋಮೊಸೋಮ್) ಎಣಿಸಿದಾಗ ವೇಗದ ಕೂಗಿನ ಕಪ್ಪೆಯಲ್ಲಿ 24, ನಿಧಾನದ ಕೂಗಿನದರಲ್ಲಿ 48 ಸಿಕ್ಕವು. ವೇಗದ್ದು ಕ್ರೈಸೊಸೆಲಿಸ್, ನಿಧಾನದ್ದು ವರ್ಸಿಕಲರ್.

ವರ್ಣತಂತುಗಳ ಇಡೀ ಕಟ್ಟು ಇಮ್ಮಡಿಯಾಗುವುದು ಗಿಡಗಳ ಲೋಕದಲ್ಲಿ ಸಾಮಾನ್ಯ ಸಂಗತಿ. ನಮ್ಮ ಶೇಂಗಾ, ಹತ್ತಿ, ಗೋಧಿ ಇವೆಲ್ಲ ಹಾಗೆ ಹುಟ್ಟಿದ ಬೆಳೆಗಳು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ, ಗಂಡು ಹೆಣ್ಣು ಕೂಡಿ ಸಂತಾನ ಪಡೆಯುತ್ತಲೇ ಇಮ್ಮಡಿ ಕಟ್ಟನ್ನು ಉಳಿಸಿಕೊಂಡು ಬಂದಿರುವುದು ಬಹಳ ಅಪರೂಪ. ಕಟ್ಟೊಂದಕ್ಕೆ 12 ವರ್ಣತಂತುಗಳಂತೆ ಎರಡು ಕಟ್ಟಿನ ಕ್ರೈಸೊಸೆಲಿಸ್ ಕಪ್ಪೆಯೂ ನಾಲ್ಕು ಕಟ್ಟಿನ ವರ್ಸಿಕಲರ್ ಕಪ್ಪೆಯೂ ಕೂಡಿದರೆ ಮರಿಗೆ ಸಿಗುವುದು ಮೂರು ಕಟ್ಟು, 36 ವರ್ಣತಂತು. ನಾವು ತಿನ್ನುವ ಬಾಳೆಹಣ್ಣಿನಲ್ಲಿ ಬೀಜ ಕಟ್ಟದಿರುವುದಕ್ಕೆ ಮೂರು ಕಟ್ಟಿನ ವರ್ಣತಂತುಗಳು ಒಂದು ಮುಖ್ಯ ಕಾರಣ: ಮೂರನ್ನು ಸಮನಾಗಿ ಇಬ್ಭಾಗ ಮಾಡಲಾಗದು. ಕಪ್ಪೆಯಲ್ಲಿಯೂ ಹಾಗೆಯೇ. ಮಿಶ್ರ ಮರಿಗಳು ಹುಟ್ಟಿದರೂ ಅವುಗಳಿಂದ ವಂಶ ಮುಂದುವರಿಯುವುದು ಬಹುಮಟ್ಟಿಗೆ ಆಗದು. ಬಾಳೆಗೆ ಕಂದು ನೆಡುವ ರೈತ ಇದ್ದಾನೆ, ಕಪ್ಪೆಗೆ ಅಂಥ ದಾರಿಯಿಲ್ಲ. ಒಂದು ಹಂಗಾಮಿಗೆ ಸಾವಿರಕ್ಕೂ ಮೀರಿ ಮೊಟ್ಟೆಯಿಡಬಲ್ಲ ಹೆಣ್ಣು ಗಂಡನ್ನು ತಪ್ಪಾಗಿ ಆರಿಸಿದರೆ ಅಷ್ಟೂ ಮೊಟ್ಟೆ ವ್ಯರ್ಥ. ಆದ್ದರಿಂದ ಎರಡು ಪ್ರಭೇದಗಳನ್ನು ಬೇರ್ಪಡಿಸಿ ಗುರುತಿಸುವ ಅಗತ್ಯ ನಮಗಿಂತ ಮೊದಲು ಆ ಹೆಣ್ಣು ಕಪ್ಪೆಗಿದೆ, ಅದೂ ಕತ್ತಲಲ್ಲಿ.

ನಾಲ್ಕು ಕಟ್ಟಿನ ಕಪ್ಪೆ ಹೇಗೆ ಹುಟ್ಟಿತು ಎಂಬ ಚರ್ಚೆ ಇಂದಿಗೂ ಕುತೂಹಲದ್ದು. 1994ರ ಅಧ್ಯಯನವೊಂದು ವರ್ಸಿಕಲರ್ ಒಂದಕ್ಕಿಂತ ಹೆಚ್ಚು ಬಾರಿ ಬೇರೆಬೇರೆಯಾಗಿ ಹುಟ್ಟಿದೆ ಎಂದಿತು. 2006ರಲ್ಲಿ ಈಗ ಅಳಿದುಹೋಗಿರುವ ಪೂರ್ವಜರ ಪಾಲೂ ಅದರಲ್ಲಿದೆ ಎಂಬ ವಾದ ಬಂತು. 2022ರಲ್ಲಿ ಹೆಚ್ಚು ವಂಶವಾಹಿಗಳನ್ನು ಪರಿಶೀಲಿಸಿದ ತಂಡ, ಇಮ್ಮಡಿಯಾದದ್ದು ಒಮ್ಮೆ, ಆಮೇಲೆ ಎರಡು ಕಟ್ಟಿನ ಕಪ್ಪೆಗಳೊಂದಿಗೆ ಆಗಾಗ ಆದ ಬೆರಕೆಯೇ ಹಲವು ಮೂಲಗಳ ಭ್ರಮೆ ಮೂಡಿಸಿದೆ ಎಂಬ ತೀರ್ಮಾನಕ್ಕೆ ಬಂತು. ಒಂದೇ ಕಪ್ಪೆಯ ಚರಿತ್ರೆಯನ್ನು ಮೂವತ್ತು ವರ್ಷಗಳಲ್ಲಿ ಮೂರು ಬಾರಿ ತಿದ್ದಿ ಬರೆಯಬೇಕಾಗಿ ಬಂದಿದೆ.

ಕೂಗಿನ ವಿಷಯ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದುದರಿಂದ ಸ್ವಲ್ಪ ನಿಂತು ನೋಡಬೇಕು. ಗಂಡಿನ ಕೂಗು ವಟಗುಟ್ಟುವಂಥದಲ್ಲ. ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನ ಆಸುಪಾಸು ಎಳೆಯುವ ಒಂದು ಕಂಪಿತ. ನಿಧಾನವಾಗಿ ಕೇಳಿದರೆ ಅದು ಸಾಲಾಗಿ ಜೋಡಿಸಿದ ಬಿಡಿ ಮಿಡಿತಗಳಿಂದ ಆಗಿದೆ ಎಂದು ತಿಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ವರ್ಸಿಕಲರ್ ಸೆಕೆಂಡಿಗೆ ಸುಮಾರು 20 ಮಿಡಿತಗಳಂತೆ, ಕ್ರೈಸೊಸೆಲಿಸ್ ಸುಮಾರು 40ರಿಂದ 50ರಂತೆ ಕೂಗುತ್ತದೆ. ಸಂಗೀತ ಬಲ್ಲವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಒಂದೇ ಸ್ವರಾವಳಿಯನ್ನು ಒಂದು ಕಪ್ಪೆ ಒಂದನೇ ಕಾಲದಲ್ಲಿ ಹಾಡಿದರೆ ಇನ್ನೊಂದು ಎರಡನೇ ಕಾಲದಲ್ಲಿ ಹಾಡುತ್ತದೆ. ಕಿವಿಗೆ ವರ್ಸಿಕಲರ್‌ನದು ಉರುಳುವ, ಇಂಪಾದ ದನಿ. ಕೋಪ್ ಕಪ್ಪೆಯದು ಬಿಗಿಯಾದ, ಒರಟು ಕಿರುಗುಟ್ಟುವಿಕೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ನನಗೆ ಈ ಕಪ್ಪೆಯ ಕಥೆಯಲ್ಲಿ ಅತ್ಯಂತ ಸೋಜಿಗದ ಭಾಗ. ವರ್ಣತಂತುಗಳು ಇಮ್ಮಡಿಯಾದಾಗ ಅವುಗಳನ್ನು ಹೊತ್ತ ಕೋಶಗಳೂ ದೊಡ್ಡವಾಗುತ್ತವೆ. ವರ್ಸಿಕಲರ್‌ನ ಕೆಂಪು ರಕ್ತಕಣಗಳು ಕೋಪ್ ಕಪ್ಪೆಯವಕ್ಕಿಂತ ದೊಡ್ಡವು ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಪ್ರಭೇದ ಹೇಳುವ ವಿಧಾನವೇ ಇದೆ. ಮಿಸೌರಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಈ ಕಪ್ಪೆಗಳ ಕೂಗನ್ನು ಅಧ್ಯಯನ ಮಾಡಿದ ಕಾರ್ಲ್ ಗೆರ್‌ಹಾರ್ಟ್ ಮತ್ತು ಅವರ ಜೊತೆಗಾರರು, ಪ್ರಯೋಗಾಲಯದಲ್ಲಿ ವರ್ಣತಂತುಗಳ ಕಟ್ಟು ಹೆಚ್ಚಿಸಿ ಬೆಳೆಸಿದ ಕಪ್ಪೆಗಳ ಕೂಗು ಅದರಿಂದಲೇ ನಿಧಾನವಾಗುವುದನ್ನು ತೋರಿಸಿದರು. 2012ರಲ್ಲಿ ಪ್ರಕಟವಾದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹಾಗೆ ಬೆಳೆಸಿದ ಮೂರು ಕಟ್ಟಿನ ಹೆಣ್ಣುಗಳು ಮೆಚ್ಚುವ ಕೂಗಿನ ವೇಗವೂ ಅದೇ ದಿಕ್ಕಿಗೆ ಸರಿದಿತ್ತು. ಕೂಗುವ ಗಂಟಲು, ಕೇಳುವ ಕಿವಿ ಎರಡನ್ನೂ ಒಂದೇ ಘಟನೆ ಒಟ್ಟಿಗೆ ಬದಲಿಸಿದರೆ, ಒಂದೇ ಕೆರೆಯಲ್ಲಿ ಇದ್ದುಕೊಂಡೇ ಹೊಸ ಪ್ರಭೇದವೊಂದು ಬೇರೆಯಾಗುವ ದಾರಿ ತೆರೆಯುತ್ತದೆ.

ಗುರುತಿಸಲು ಹೊರಟವರಿಗೆ ಇಲ್ಲಿ ಒಂದು ತೊಡಕಿದೆ. ಕಪ್ಪೆ ತಣ್ಣನೆಯ ರಕ್ತದ ಪ್ರಾಣಿಯಾದುದರಿಂದ ತಾಪಮಾನ ಏರಿದಂತೆ ಅದರ ಕೂಗೂ ವೇಗವಾಗುತ್ತದೆ. ಸೆಖೆಯ ರಾತ್ರಿಯ ವರ್ಸಿಕಲರ್ ಮತ್ತು ಚಳಿ ರಾತ್ರಿಯ ಕೋಪ್ ಕಪ್ಪೆ ಮಿಡಿತದ ಎಣಿಕೆಯಲ್ಲಿ ಒಂದಕ್ಕೊಂದು ಹತ್ತಿರ ಬರುತ್ತವೆ. ಹೆಣ್ಣು ಮೋಸಹೋಗುವುದಿಲ್ಲ, ಏಕೆಂದರೆ ಅದರ ಆಯ್ಕೆಯೂ ತಾಪಮಾನದೊಂದಿಗೆ ಸರಿಯುತ್ತದೆ ಎಂದು ಗೆರ್‌ಹಾರ್ಟ್ 1978ರಲ್ಲೇ ತೋರಿಸಿದ್ದರು. ನಮ್ಮ ಕಿವಿಗೆ ಆ ಹೊಂದಾಣಿಕೆಯಿಲ್ಲವಾದ್ದರಿಂದ ಕೂಗಿನ ಜೊತೆಗೆ ಥರ್ಮಾಮೀಟರು ಬೇಕೇ ಬೇಕು. ಕಪ್ಪೆ ಕುಳಿತ ಜಾಗದ ಹತ್ತಿರದ ಗಾಳಿಯ ತಾಪಮಾನವನ್ನು ಬರೆದುಕೊಂಡು, ಫೋನಿನಲ್ಲಿಯೇ ಹತ್ತಿಪ್ಪತ್ತು ಸೆಕೆಂಡು ಧ್ವನಿಮುದ್ರಣ ಮಾಡಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದು ಹಿಗ್ಗಿಸಿದರೆ ಮಿಡಿತಗಳು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಕಾಣುತ್ತವೆ. ಅರ್ಧ ಸೆಕೆಂಡಿನ ಹಲ್ಲುಗಳನ್ನು ಎಣಿಸಿ ಇಮ್ಮಡಿ ಮಾಡಿದರೆ ಸಾಕು. ದೂರದಿಂದ ಕೇಳುವ ಗುಂಪಿನ ಕೂಗಿನಲ್ಲಿ ಒಂದರ ಮಿಡಿತ ಇನ್ನೊಂದರದರಲ್ಲಿ ಕಲೆಸಿಹೋಗುವುದರಿಂದ ಒಂಟಿ ಕಪ್ಪೆಯನ್ನು ಹತ್ತಿರದಿಂದ ಮುದ್ರಿಸಿಕೊಳ್ಳುವುದು ಒಳ್ಳೆಯದು. ಕೈಯಿಂದ ಮುಟ್ಟುವ ಅಗತ್ಯವಿಲ್ಲ. ಅಕಸ್ಮಾತ್ ಮುಟ್ಟಿದರೆ ಕೈ ತೊಳೆಯದೆ ಕಣ್ಣು ಉಜ್ಜಬಾರದು, ಅದರ ಚರ್ಮದ ಸ್ರಾವ ಕಣ್ಣನ್ನು ಉರಿಸುತ್ತದೆ.

ಊರಿನ ಹೆಸರೂ ಒಂದು ಸುಳಿವು. ಮೇನ್ ರಾಜ್ಯದಲ್ಲಿ ಸಿಗುವುದು ವರ್ಸಿಕಲರ್ ಮಾತ್ರ, ಜಾರ್ಜಿಯಾದಲ್ಲಿ ಸಿಗುವುದು ಕೋಪ್ ಕಪ್ಪೆ. ಮಿನ್ನೆಸೋಟ, ವಿಸ್ಕಾನ್ಸಿನ್, ಮಿಸೌರಿ, ವರ್ಜೀನಿಯಾ, ಟೆಕ್ಸಸ್ ರಾಜ್ಯಗಳಲ್ಲಿ ಎರಡೂ ಇವೆ, ಕೆಲವೊಮ್ಮೆ ಒಂದೇ ಕೆರೆಯ ದಡದಲ್ಲಿ.

ಇಷ್ಟೆಲ್ಲ ಕಷ್ಟಪಟ್ಟು ಬೇರ್ಪಡಿಸುವುದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ನ್ಯೂಜೆರ್ಸಿಯೇ ಉತ್ತರ. ಒಟ್ಟು ವ್ಯಾಪ್ತಿಯ ಲೆಕ್ಕದಲ್ಲಿ ಎರಡೂ ಪ್ರಭೇದಗಳಿಗೆ ಸದ್ಯ ಅಳಿವಿನ ಭಯವಿಲ್ಲ. ಆದರೆ ಈ ರಾಜ್ಯದಲ್ಲಿ ಕೋಪ್ ಕಪ್ಪೆ ಕೇಪ್ ಮೇ, ಕಂಬರ್‌ಲ್ಯಾಂಡ್ ಮೊದಲಾದ ದಕ್ಷಿಣದ ಕೌಂಟಿಗಳಲ್ಲಿ ಮಾತ್ರ ಉಳಿದಿರುವುದರಿಂದ ರಾಜ್ಯ ಸರ್ಕಾರ ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಅದರಂತೆಯೇ ಕಾಣುವ ವರ್ಸಿಕಲರ್‌ಗೆ ಆ ರಕ್ಷಣೆ ಸಿಗಲಿಲ್ಲ. ಹೀಗೆ ಒಂದು ಹೊಂಡವನ್ನು ಮುಚ್ಚಿ ಮನೆ ಕಟ್ಟಬಹುದೇ ಎಂಬ ತೀರ್ಮಾನ ಅಲ್ಲಿ ಕೂಗುವ ಕಪ್ಪೆಯ ಮಿಡಿತ ಸೆಕೆಂಡಿಗೆ 20 ಇದೆಯೇ 45 ಇದೆಯೇ ಎಂಬುದರ ಮೇಲೆ ನಿಲ್ಲುವ ಸಂದರ್ಭ ಬರಬಹುದು. ಅಂಥಲ್ಲಿ ಫೋಟೊ ಮಾತ್ರ ಇರುವ ದಾಖಲೆ ಯಾರ ಪರವಾಗಿಯೂ ಸಾಕ್ಷಿ ಹೇಳದು.

ನನ್ನ ಕಳವಳ ಇರುವುದು ಇಲ್ಲಿಯೇ. ಪ್ರಕೃತಿಯ ಬಗ್ಗೆ ಜನಸಾಮಾನ್ಯರು ಸೇರಿಸುವ ಮಾಹಿತಿ ಹಿಂದೆಂದೂ ಇಲ್ಲದಷ್ಟು ಬೆಳೆದಿದೆ, ಅದು ಸಂತೋಷದ ವಿಷಯ. ಆದರೆ ಅದರಲ್ಲಿ ಬಹುಪಾಲು ಫೋಟೊ, ಹೆಸರು ಸೂಚಿಸುವುದು ಚಿತ್ರ ನೋಡಿ ಕಲಿತ ಯಂತ್ರ. ಬೂದು ಮರಗಪ್ಪೆಯಂಥ ಜೀವಿಯ ಮಟ್ಟಿಗೆ ಯಂತ್ರವನ್ನು ಇನ್ನೂ ಹತ್ತು ಲಕ್ಷ ಚಿತ್ರಗಳಿಂದ ತಿದ್ದಿದರೂ, ಚಿತ್ರದಲ್ಲಿ ಇಲ್ಲದ ಮಾಹಿತಿ ಅದಕ್ಕೆ ಸಿಗುವುದಿಲ್ಲ. ಹೆಚ್ಚೆಂದರೆ ಆ ಊರಿನಲ್ಲಿ ಯಾವುದು ಹೆಚ್ಚು ಎಂಬ ಅಂದಾಜನ್ನೇ ಅದು ಹೆಸರಾಗಿ ಹೇಳುತ್ತದೆ. ಆ ಹೆಸರನ್ನು ಒಪ್ಪಿ ದಾಖಲಿಸಿದರೆ ಅಂದಾಜೇ ಸಾಕ್ಷ್ಯವಾಗಿ ನಕ್ಷೆಗೆ ಏರುತ್ತದೆ, ನಾಳೆಯ ಯಂತ್ರ ಆ ನಕ್ಷೆಯನ್ನೇ ನೋಡಿ ಕಲಿಯುತ್ತದೆ. ಕೂಗು ಕೇಳದಿದ್ದಾಗ ಎರಡರಲ್ಲಿ ಒಂದು ಎಂದಷ್ಟೇ ಬರೆಯುವುದು ಪ್ರಾಮಾಣಿಕ ದಾಖಲೆ. ಕಿವಿಯಿಂದ ಎಣಿಸುವ ಸಂಪ್ರದಾಯ ಅಮೆರಿಕದಲ್ಲಿ ಇಲ್ಲದಿಲ್ಲ: 1998ರಲ್ಲಿ ಆರಂಭವಾದ ಫ್ರಾಗ್‌ವಾಚ್ ಯುಎಸ್‌ಎ ಸ್ವಯಂಸೇವಕರಿಗೆ ಕೂಗು ಕಲಿಸಿ ಕೆರೆದಡದಲ್ಲಿ ಕೂರಿಸುವ ಕಾರ್ಯಕ್ರಮ. ಇಂಥ ಕೆಲಸಕ್ಕೆ ಫೋಟೊದಷ್ಟು ಸುಲಭದ ಆಕರ್ಷಣೆ ಇಲ್ಲ. ತೇವದಲ್ಲಿ, ಸೊಳ್ಳೆಯ ನಡುವೆ ಸುಮ್ಮನೆ ಕುಳಿತು ಕೇಳಬೇಕು.

ಹಾಗೆ ಕೇಳಿ ಬರೆದಿಟ್ಟವರ ಶ್ರಮ ನೂರು ವರ್ಷದ ನಂತರ ಫಲ ಕೊಟ್ಟ ಉದಾಹರಣೆಯಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಆಲ್ಬರ್ಟ್ ಹೇಜನ್ ರೈಟ್ 1900ರಿಂದ 1912ರವರೆಗೆ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಯಾವ ಕಪ್ಪೆ ಯಾವ ದಿನ ಮೊದಲು ಕೂಗಿತು ಎಂದು ಬರೆದಿಟ್ಟಿದ್ದರು. ಅದನ್ನು 1990ರಿಂದ 1999ರವರೆಗಿನ ದಾಖಲೆಗಳೊಂದಿಗೆ ಹೋಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೂದು ಮರಗಪ್ಪೆ ಸೇರಿ ನಾಲ್ಕು ಪ್ರಭೇದಗಳು 10ರಿಂದ 13 ದಿನ ಮುಂಚಿತವಾಗಿ ಕೂಗಲು ಆರಂಭಿಸಿರುವುದು ಕಂಡುಬಂತು. ಹವಾಮಾನ ಬೆಚ್ಚಗಾಗುತ್ತಿರುವುದಕ್ಕೆ ಕಪ್ಪೆಯ ಗಂಟಲು ಕೊಟ್ಟ ಸಾಕ್ಷ್ಯ ಅದು. ಈ ಕಪ್ಪೆಗೆ ಚಳಿಗಾಲವೂ ಅಷ್ಟೇ ಮುಖ್ಯ. ತರಗೆಲೆಯಡಿ ಮಲಗುವ ಅದು ಮಂಜುಗಟ್ಟಿ ಬದುಕಬಲ್ಲದು. ಮೈಯ ನೀರಿನ ಸುಮಾರು ಶೇ. 40ರಷ್ಟು ಹಿಮವಾಗಿ, ಉಸಿರು ಮತ್ತು ಎದೆಬಡಿತ ನಿಂತರೂ, ಕೋಶಗಳೊಳಗಿನ ಗ್ಲಿಸರಾಲ್ ಮತ್ತು ಗ್ಲೂಕೋಸ್‌ನ ರಕ್ಷಣೆಯಿಂದ ಕರಗಿದ ಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಆದರೆ ಆ ಸಹನೆಗೆ ಮಿತಿಯಿದೆ, ತರಗೆಲೆಯ ಮೇಲಿನ ಹಿಮದ ಹೊದಿಕೆಯೇ ಅದನ್ನು ಮಿತಿಯೊಳಗೆ ಇರಿಸುವುದು. ಎಲೆಯನ್ನೆಲ್ಲ ಯಂತ್ರದಿಂದ ಊದಿ, ಗುಡಿಸಿ, ಚೀಲ ತುಂಬಿ ಸಾಗಿಸುವ ಉಪನಗರದ ಅಭ್ಯಾಸ ಕಪ್ಪೆಯ ಹಾಸಿಗೆಯನ್ನೇ ಕಿತ್ತುಕೊಳ್ಳುತ್ತದೆ.

ಮರದ ಮೇಲೆ ಬದುಕುವ ಈ ಕಪ್ಪೆಯ ಭವಿಷ್ಯ ತೀರ್ಮಾನವಾಗುವುದು ನೆಲದ ಸಣ್ಣ ಹೊಂಡಗಳಲ್ಲಿ. ಮೀನಿರುವ ನೀರಿನಲ್ಲಿ ಮೊಟ್ಟೆಯಿಡುವುದನ್ನು ಕೋಪ್ ಕಪ್ಪೆಯ ಹೆಣ್ಣು ತಪ್ಪಿಸುತ್ತದೆ ಎಂಬುದು 1989ರ ಪ್ರಯೋಗದಿಂದ ಗೊತ್ತಾಗಿದೆ. ಬೇಸಿಗೆಯ ಕೊನೆಗೆ ಒಣಗುವ, ಮೀನು ನಿಲ್ಲದ ಕಾಡುಗುಂಡಿಗಳೇ ಇವಕ್ಕೆ ಬೇಕಾದ ತೊಟ್ಟಿಲು. ಅಲ್ಲಿಯೂ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತವೆ; ಅವುಗಳ ವಾಸನೆ ನೀರಿನಲ್ಲಿದ್ದರೆ ಬೆಳೆಯುವ ಗೊದಮೊಟ್ಟೆಯ ಬಾಲ ಅಗಲವಾಗಿ ಕೆಂಪು ಕಿತ್ತಳೆಗೆ ತಿರುಗುತ್ತದೆ, ಏಟು ತಲೆಗೆ ಬೀಳುವ ಬದಲು ಬಾಲಕ್ಕೆ ಬೀಳಲೆಂದು. ಬಣ್ಣ ಬದಲಿಸುವ ವಿದ್ಯೆ ಈ ಕಪ್ಪೆಗೆ ಕಾಲು ಮೂಡುವ ಮೊದಲೇ ಒಲಿದಿರುತ್ತದೆ. ಆದರೆ ಮನುಷ್ಯ ತಂದ ಅಪಾಯಕ್ಕೆ ಈ ವಿದ್ಯೆ ಸಾಲದು. ರಿಕ್ ರೆಲಿಯಾ ಮತ್ತು ಅವರ ಸಹೋದ್ಯೋಗಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರ್ಬರಿಲ್ ಕೀಟನಾಶಕ ಬೂದು ಮರಗಪ್ಪೆಯ ಗೊದಮೊಟ್ಟೆಗಳಿಗೆ, ನೀರಿನಲ್ಲಿ ಬೇಟೆಗಾರ ಪ್ರಾಣಿಯ ವಾಸನೆಯೂ ಇದ್ದಾಗ 2ರಿಂದ 4 ಪಟ್ಟು ಹೆಚ್ಚು ಮಾರಕವಾಯಿತು. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಅಪಾಯವಿಲ್ಲ ಎಂದು ಕಂಡ ಪ್ರಮಾಣ, ಹೆದರಿಕೆಯ ನಡುವೆ ಬದುಕುವ ನಿಜವಾದ ಹೊಂಡದಲ್ಲಿ ಕೊಲ್ಲಬಹುದು ಎಂದಾಯಿತು.

ಹೊಂಡಗಳ ಕಾನೂನಿನ ರಕ್ಷಣೆಯೂ ಈಗ ಸಡಿಲವಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಹರಿಯುವ ಅಥವಾ ಶಾಶ್ವತವಾದ ಜಲಮೂಲದೊಂದಿಗೆ ಮೇಲ್ಮೈಯಲ್ಲಿ ನಿರಂತರ ಸಂಪರ್ಕವಿಲ್ಲದ ಜೌಗುಗಳಿಗೆ ಒಕ್ಕೂಟದ ಶುದ್ಧ ಜಲ ಕಾಯಿದೆ ಅನ್ವಯಿಸುವುದಿಲ್ಲ. ಕಪ್ಪೆಗೆ ಬೇಕಾದದ್ದು ಹೊಳೆಗೆ ಸೇರದ, ಮೀನು ಬರದ ಒಂಟಿ ಹೊಂಡ. ಕಾನೂನು ಕೈಬಿಟ್ಟದ್ದೂ ಅಂಥದನ್ನೇ. ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳಿಗೆ ತಮ್ಮದೇ ಆದ ಜೌಗು ಸಂರಕ್ಷಣಾ ಕಾಯಿದೆ ಇದೆ, ಇಲ್ಲಿ ಅದು 1987ರಲ್ಲಿ ಅಂಗೀಕಾರವಾಯಿತು. ಅಂಥ ಕಾಯಿದೆ ಇಲ್ಲದ ರಾಜ್ಯಗಳಲ್ಲಿ ಹೊಂಡದ ಗತಿ ಜಮೀನಿನ ಮಾಲೀಕರ ಮನಸ್ಸಿಗೆ ಬಿಟ್ಟದ್ದು. ಹೊಂಡ ಉಳಿದ ಕಡೆಯೂ ಪಕ್ಕದ ಹೆದ್ದಾರಿಯ ಸದ್ದು ಕೂಗನ್ನು ನುಂಗಬಹುದು. ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಕ್ ಬೀ 2007ರಲ್ಲಿ ಪ್ರಕಟಿಸಿದ ಅಧ್ಯಯನ, ವಾಹನಗಳ ಸದ್ದಿನ ನಡುವೆ ಕೋಪ್ ಕಪ್ಪೆಯ ಹೆಣ್ಣು ಓಗೊಡಬೇಕಾದರೆ ಗಂಡಿನ ಕೂಗು ಬಹಳ ಹೆಚ್ಚು ಗಟ್ಟಿಯಾಗಿರಬೇಕಾಗುತ್ತದೆ ಎಂದು ತೋರಿಸಿತು.

ಇದೇ ಮಾರ್ಕ್ ಬೀ ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಕೂಗನ್ನೂ ಭಾರತದ ವಿಜ್ಞಾನಿಗಳ ಜೊತೆ ಅಧ್ಯಯನ ಮಾಡಿದ್ದಾರೆ, ಅದು ಕಾಕತಾಳೀಯವಲ್ಲ. ನೋಡಲು ಒಂದೇ ಬಗೆ, ಒಂದೇ ಪ್ರಭೇದದೊಳಗೇ ಹತ್ತು ಬಣ್ಣ, ಕೂಗಿದಾಗ ಮಾತ್ರ ಬೇರೆ ಎಂದು ತಿಳಿಯುವ ಹೆಬ್ಬೆರಳುಗಾತ್ರದ ಪೊದೆಗಪ್ಪೆಗಳು ನಮ್ಮ ಘಟ್ಟದ ಮಳೆಗಾಡುಗಳಲ್ಲಿ ತುಂಬಿವೆ. 2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತಮ್ಮ ಜೊತೆಗಾರರೊಂದಿಗೆ ಒಂಬತ್ತು ಹೊಸ ಪೊದೆಗಪ್ಪೆಗಳನ್ನು ಹೆಸರಿಸಿದಾಗ ವಂಶವಾಹಿ, ನೆಲೆ, ಮೈಕಟ್ಟುಗಳ ಜೊತೆಗೆ ಕೂಗನ್ನೂ ಒಂದು ಅಳತೆಗೋಲಾಗಿ ಬಳಸಿದ್ದರು. ಕೊಡಗು, ಸಕಲೇಶಪುರ, ಆಗುಂಬೆಯ ಕಡೆ ಮಳೆಗಾಲದ ರಾತ್ರಿ ಕ್ಯಾಮೆರಾ ಹಿಡಿದು ಹೊರಡುವ ನಮ್ಮ ಹವ್ಯಾಸಿಗಳು ಪ್ರತಿ ಫೋಟೊದ ಜೊತೆಗೆ ಹದಿನೈದು ಸೆಕೆಂಡಿನ ಕೂಗು ಮತ್ತು ತಾಪಮಾನ ಸೇರಿಸಿದರೆ, ಆ ದಾಖಲೆಯ ಬೆಲೆ ಹಲವು ಪಟ್ಟು ಏರುತ್ತದೆ.

ನಮ್ಮ ಗಾಜಿನ ಬಾಗಿಲಿಗೆ ಬರುವ ಕಪ್ಪೆ ಬಾಗಿಲಲ್ಲಿ ಕೂಗುವುದಿಲ್ಲ. ಬೀದಿಯ ಕೊನೆಯಲ್ಲಿ ಮಳೆನೀರು ಇಂಗಲೆಂದು ತೋಡಿದ ಗುಂಡಿಯೊಂದಿದೆ. ಕೂಗು ಕೇಳುವುದು ಅಲ್ಲಿಂದ. ಜೂನ್ ಎರಡನೇ ವಾರದ ಒಂದು ರಾತ್ರಿ ನಾನು ಮತ್ತು ಮಗಳು ಟಾರ್ಚ್ ಆರಿಸಿ ಅದರ ಅಂಚಿನಲ್ಲಿ ನಿಂತೆವು. ಥರ್ಮಾಮೀಟರು 68 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು, ಎಂದರೆ ಸರಿಯಾಗಿ 20 ಸೆಲ್ಸಿಯಸ್. ಮನೆಗೆ ಬಂದು ಮುದ್ರಣವನ್ನು ಪರದೆಯ ಮೇಲೆ ಹಿಗ್ಗಿಸಿ ಮಗಳು ಬೆರಳಿಟ್ಟು ಎಣಿಸಿದಳು: ಅರ್ಧ ಸೆಕೆಂಡಿಗೆ ಹತ್ತು. ಹಿಂದೆ ಹಾಕಿದ್ದ ಎರಡು ಫೋಟೊಗಳ ಹೆಸರನ್ನು ಅವಳು ಅಳಿಸಿ, ಎರಡರಲ್ಲಿ ಒಂದು ಎಂದು ತಿದ್ದಿದಳು. ಗುಂಡಿಯ ಮುದ್ರಣಕ್ಕೆ ಮಾತ್ರ ತಾಪಮಾನ ಬರೆದು, ವರ್ಸಿಕಲರ್ ಎಂದು ಹೆಸರು ಕೊಟ್ಟಳು.